ಹಳೆಯ ರೇಸ್ ಕಾರಿಗೆ ಇಸಿಯು: ಮೆಕ್ಯಾನಿಕಲ್ ಇಂಜೆಕ್ಷನ್ ಕೀಳುವ ಮೊದಲು

ಪ್ರಶ್ನೆ: ನನ್ನ ಹತ್ತಿರ 1970ರ ದಶಕದ ನಡುವಿನ ಒಂದು ಸಿಂಗಲ್ ಸೀಟರ್ ರೇಸ್ ಕಾರಿದೆ. ಎಂಜಿನ್ ಕಾಸ್ವರ್ತ್ ಬಿಡಿಜಿ, 2 ಲೀಟರ್, ನಾಲ್ಕು ಸಿಲಿಂಡರ್. ಲೂಕಾಸ್ ಮೆಕ್ಯಾನಿಕಲ್ ಇಂಜೆಕ್ಷನ್ (ಪೆಟ್ರೋಲನ್ನು ಯಂತ್ರದಿಂದಲೇ ಅಳೆದು ಚಿಮ್ಮಿಸುವ ವ್ಯವಸ್ಥೆ), ಸ್ಲೈಡ್ ಥ್ರಾಟಲ್ (ಗಾಳಿಯ ದಾರಿಯನ್ನು ಸರಿಯುವ ತಟ್ಟೆಯಿಂದ ತೆರೆದು ಮುಚ್ಚುವಂಥದ್ದು). 7,000 ಆರ್‌ಪಿಎಂ ದಾಟಿದ ಮೇಲೆ ಒಂದು ಮಾತಾಡುವ ಹಾಗಿಲ್ಲ, ಅಷ್ಟು ಚೆನ್ನಾಗಿ ಎಳೆಯುತ್ತದೆ. ಅದಕ್ಕಿಂತ ಕೆಳಗೆ ಬರೀ ಗೋಳು. ತಣ್ಣಗಿದ್ದಾಗ ಸ್ಟಾರ್ಟ್ ಮಾಡುವುದೇ ದೊಡ್ಡ ಕೆಲಸ. ಪಿಟ್ ಲೇನಿನಲ್ಲಿ ಸ್ವಲ್ಪ ಹೊತ್ತು ನಿಂತರೆ ಪ್ಲಗ್ ಒದ್ದೆ. ನಿಧಾನದ ತಿರುವಿನಿಂದ ಹೊರಗೆ ಬರುವಾಗ ಕೆಮ್ಮುತ್ತದೆ. ಬೆಳಿಗ್ಗೆ ಸರಿಯಿದ್ದ ಸೆಟ್ಟಿಂಗ್ ಮಧ್ಯಾಹ್ನಕ್ಕೆ ಕೆಟ್ಟಿರುತ್ತದೆ. ಆಯಿಲ್ ಟ್ಯಾಂಕಿನ ಮುಚ್ಚಳ ತೆಗೆದರೆ ಪೆಟ್ರೋಲ್ ವಾಸನೆ. ಒಬ್ಬ ಸ್ನೇಹಿತರು "ಎಲ್ಲ ಕಿತ್ತುಹಾಕಿ ಇಸಿಯು (ಇಂಧನ, ಕಿಡಿ ನಿಯಂತ್ರಿಸುವ ಕಂಪ್ಯೂಟರ್) ಹಾಕಿ, 30 ಎಚ್‌ಪಿ ಜಾಸ್ತಿ ಸಿಗುತ್ತದೆ" ಎನ್ನುತ್ತಾರೆ. ಇನ್ನೊಬ್ಬರು "ಹಾಗೆ ಮಾಡಿದರೆ ಕಾರಿನ ಬೆಲೆಯೂ ಹೋಯಿತು, ರೇಸಿಗೂ ಬಿಡುವುದಿಲ್ಲ" ಎನ್ನುತ್ತಾರೆ. ಯಾರ ಮಾತು ಕೇಳಲಿ? ಬದಲಾಯಿಸುವುದಾದರೆ ಹಳೆಯ ಮೀಟರಿಂಗ್ ಯೂನಿಟ್ (ಪೆಟ್ರೋಲ್ ಅಳೆದು ಕೊಡುವ ಭಾಗ) ಮಾರಿ ಅದರ ಹಣವನ್ನು ಹೊಸ ಕೆಲಸಕ್ಕೆ ಹಾಕಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳು ಬೆರೆತುಹೋಗಿವೆ. ಕಾರು ಯಾಕೆ ಹೀಗೆ ಆಡುತ್ತಿದೆ ಎನ್ನುವುದು ಒಂದು. ಇಸಿಯು ಹಾಕಬೇಕೇ ಎನ್ನುವುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಸಿಗದೆ ಎರಡನೆಯದಕ್ಕೆ ಕೈ ಹಾಕಬೇಡಿ. ಇಂಥ ದೂರು ಹೊತ್ತು ಬರುವ ಕಾರುಗಳಲ್ಲಿ ನಾನು ಹೆಚ್ಚಾಗಿ ನೋಡುವುದು ಸವೆತವನ್ನು. ಇಂಜೆಕ್ಷನ್‌ನ ವಿನ್ಯಾಸದ್ದು ತಪ್ಪಿರುವುದು ಕಡಿಮೆ. ಸವೆದ ಕಾರಿಗೆ ಇಸಿಯು ಹಾಕಿದರೆ ಸಿಗುವುದು ಸವೆದ ಕಾರೇ, ವೈರ್ ಮಾತ್ರ ಜಾಸ್ತಿ.

ಮೊದಲು ಆ 30 ಎಚ್‌ಪಿ ಲೆಕ್ಕ ಮುಗಿಸಿಬಿಡೋಣ. ಎಂಜಿನ್ನಿನ ಗರಿಷ್ಠ ಶಕ್ತಿ ತೀರ್ಮಾನವಾಗುವುದು ಅದು ಎಷ್ಟು ಗಾಳಿ ಎಳೆಯುತ್ತದೆ ಎನ್ನುವುದರ ಮೇಲೆ. ಕ್ಯಾಮ್ (ವಾಲ್ವ್ ತೆರೆಯುವ ಉಬ್ಬು), ಪೋರ್ಟ್, ಟ್ರಂಪೆಟ್ (ಗಾಳಿ ಒಳಹೋಗುವ ಕಹಳೆಯಾಕಾರದ ಕೊಳವೆ) ಉದ್ದ, ಎಕ್ಸಾಸ್ಟ್ ಇವೆಲ್ಲ ಹಾಗೇ ಇದ್ದರೆ ಗಾಳಿಯೂ ಅಷ್ಟೇ. ಪೂರ್ತಿ ಥ್ರಾಟಲ್‌ನಲ್ಲಿ ಮಿಶ್ರಣ ಸರಿಯಾಗಿದ್ದರೆ ಆ ಪೆಟ್ರೋಲನ್ನು ಲೂಕಾಸ್‌ನ ಲೋಹದ ತುಂಡು ತಂದುಹಾಕಿತೋ ಕಂಪ್ಯೂಟರ್ ಹಾಕಿಸಿತೋ ಎಂಜಿನ್ನಿಗೆ ಗೊತ್ತಾಗುವುದಿಲ್ಲ. ನಿಮ್ಮ ಕಾರು 7,000ದ ಮೇಲೆ ಚೆನ್ನಾಗಿ ಎಳೆಯುತ್ತದೆ ಎಂದು ನೀವೇ ಬರೆದಿದ್ದೀರಿ, ಅಲ್ವಾ? ಹಾಗಾದರೆ ಅಲ್ಲಿ ಇಸಿಯುಗೆ ಸಿಗುವ ಲಾಭ ತೀರಾ ಕಡಿಮೆ. 30 ಎಚ್‌ಪಿ ಸಿಕ್ಕಿತು ಎನ್ನುವವರ ಕಾರು ಮೊದಲು ಕೆಟ್ಟ ಸೆಟ್ಟಿಂಗ್‌ನಲ್ಲಿ ಓಡುತ್ತಿತ್ತು ಎಂದು ಅರ್ಥ. ನಿಜವಾದ ಲಾಭ ಸಿಗುವುದು ಅರ್ಧ ಥ್ರಾಟಲ್‌ನಲ್ಲಿ, ಸ್ಟಾರ್ಟ್ ಮಾಡುವಾಗ, ಐಡಲ್‌ನಲ್ಲಿ (ಪೆಡಲ್ ಒತ್ತದೆ ಎಂಜಿನ್ ಓಡುವಾಗ), ಹವೆ ಬದಲಾದಾಗ. ನಿಮ್ಮ ದೂರುಗಳೂ ಅಲ್ಲೇ ಇವೆ. ಹಾಗಾಗಿ ನಿಮ್ಮ ಸ್ನೇಹಿತರ ಸಲಹೆಯನ್ನು ಪೂರ್ತಿ ತಳ್ಳಿಹಾಕುವಂತೆಯೂ ಇಲ್ಲ.

"ಹಳೆಯ ಮೆಕ್ಯಾನಿಕಲ್ ಇಂಜೆಕ್ಷನ್ ಎಂದರೆ ನಂಬುವ ಹಾಗಿಲ್ಲ" ಎನ್ನುವುದು ಇನ್ನೊಂದು ಮಾತು. 1967ರಲ್ಲಿ ಜಾಂಡ್‌ವೋರ್ಟ್‌ನಲ್ಲಿ ಮೊದಲ ರೇಸಿಗೇ ಗೆದ್ದ ಕಾಸ್ವರ್ತ್ ಡಿಎಫ್‌ವಿ ಎಂಜಿನ್ನಿನಲ್ಲಿ ಇದ್ದದ್ದು ಇದೇ ಲೂಕಾಸ್ ವ್ಯವಸ್ಥೆ. 1983ರ ತನಕ ಆ ಎಂಜಿನ್ ಕುಟುಂಬ ಫಾರ್ಮುಲಾ ಒನ್‌ನಲ್ಲಿ ಗೆದ್ದದ್ದು 155 ರೇಸ್. ಕೈಕೊಡುವ ವಸ್ತುವಿನಿಂದ ಅಷ್ಟು ಗೆಲುವು ಬರುವುದಿಲ್ಲ. ಆದರೆ ಆಗ ಪ್ರತಿ ರೇಸಿನ ನಂತರ ಅದನ್ನು ಬಿಚ್ಚಿ ನೋಡುವವರಿದ್ದರು. ಈಗ ಅದೇ ಯೂನಿಟ್ ವರ್ಷದಲ್ಲಿ ಮುಕ್ಕಾಲು ಪಾಲು ಗ್ಯಾರೇಜಿನಲ್ಲಿ ಒಣಗುತ್ತಾ ಕೂತಿರುತ್ತದೆ.

ಒಳಗೆ ಏನಾಗುತ್ತದೆ

ಲೂಕಾಸ್ ವ್ಯವಸ್ಥೆಯಲ್ಲಿ ಪಂಪ್ ಪೆಟ್ರೋಲನ್ನು ಸುಮಾರು 7 ಬಾರ್ ಒತ್ತಡದಲ್ಲಿ ಮೀಟರಿಂಗ್ ಯೂನಿಟ್‌ಗೆ ಕಳಿಸುತ್ತದೆ. ಯೂನಿಟ್ ಒಳಗೆ ಒಂದು ರೋಟರ್ ಎಂಜಿನ್ನಿನ ಅರ್ಧ ವೇಗದಲ್ಲಿ ತಿರುಗುತ್ತದೆ. ರೋಟರ್ ಒಳಗೆ ಎರಡು ಸ್ಟಾಪ್‌ಗಳ ನಡುವೆ ಒಂದು ಶಟಲ್ ಅತ್ತಿಂದಿತ್ತ ಓಡಾಡುತ್ತದೆ. ಅದು ಒಂದು ಸಲ ಈ ಕಡೆಯಿಂದ ಆ ಕಡೆಗೆ ಹೋದರೆ ಒಂದು ಸಿಲಿಂಡರಿಗೆ ಒಂದು ಗುಟುಕು. ಒಂದು ಸ್ಟಾಪ್ ಸ್ಥಿರ. ಇನ್ನೊಂದನ್ನು ಥ್ರಾಟಲ್‌ಗೆ ಜೋಡಿಸಿದ ಫ್ಯೂಯಲ್ ಕ್ಯಾಮ್ ಸರಿಸುತ್ತದೆ. ಥ್ರಾಟಲ್ ಜಾಸ್ತಿ ತೆರೆದರೆ ಸ್ಟಾಪ್ ದೂರ ಹೋಗುತ್ತದೆ, ಗುಟುಕು ದೊಡ್ಡದಾಗುತ್ತದೆ. ವಿಷಯ ಇಷ್ಟೇ. ನೋಡಲು ಬಹಳ ಚೆಂದದ ಯಂತ್ರ.

ಇದಕ್ಕೆ ಗೊತ್ತಿರುವುದು ಥ್ರಾಟಲ್ ಎಷ್ಟು ತೆರೆದಿದೆ ಎನ್ನುವುದೊಂದೇ. 3,000 ಆರ್‌ಪಿಎಂ ಇರಲಿ, 9,000 ಇರಲಿ, ಥ್ರಾಟಲ್ ಅಷ್ಟೇ ಇದ್ದರೆ ಗುಟುಕೂ ಹೆಚ್ಚುಕಡಿಮೆ ಅಷ್ಟೇ. ಆದರೆ ಎಂಜಿನ್ ಎರಡೂ ಕಡೆ ಒಂದೇ ಪ್ರಮಾಣದ ಗಾಳಿ ಎಳೆಯುವುದಿಲ್ಲ. ರೇಸ್ ಕ್ಯಾಮ್ ಇರುವ ಎಂಜಿನ್ ಕೆಳಗಿನ ಆರ್‌ಪಿಎಂನಲ್ಲಿ ಉಸಿರಾಡುವುದೇ ಕಷ್ಟ. ಹಾಗಾಗಿ ಮೇಲೆ ಸರಿಯಾಗಿ ಸೆಟ್ ಮಾಡಿದರೆ ಕೆಳಗೆ ರಿಚ್ ಆಗುತ್ತದೆ, ಅಂದರೆ ಗಾಳಿಗೆ ಪೆಟ್ರೋಲ್ ಜಾಸ್ತಿಯಾಗುತ್ತದೆ. ನಿಧಾನದ ತಿರುವಿನಿಂದ ಹೊರಬರುವಾಗಿನ ಕೆಮ್ಮಿಗೆ ಒಂದು ಕಾರಣ ಇದು. ಇದು ಮೂಲ ವಿನ್ಯಾಸದಲ್ಲೇ ಇರುವ ಮಿತಿ. ಕುಗೆಲ್‌ಫಿಷರ್, ಬಾಶ್ ಕಂಪನಿಗಳ ಇಂಜೆಕ್ಷನ್ ಪಂಪ್‌ಗಳಲ್ಲಿ ಆರ್‌ಪಿಎಂ ಕೂಡ ಲೆಕ್ಕಕ್ಕೆ ಬರುವಂಥ ಉಬ್ಬುತಗ್ಗಿನ ಕ್ಯಾಮ್ ಇತ್ತು. ನಿಮ್ಮದರಲ್ಲಿ ಇಲ್ಲ.

ಬೆಳಿಗ್ಗೆ–ಮಧ್ಯಾಹ್ನದ ವ್ಯತ್ಯಾಸಕ್ಕೂ ಲೆಕ್ಕವಿದೆ. ಗಾಳಿ 10 ಡಿಗ್ರಿಯಿಂದ 35 ಡಿಗ್ರಿಗೆ ಬಿಸಿಯಾದರೆ ಅದರ ಸಾಂದ್ರತೆ ಸುಮಾರು 8 ಪರ್ಸೆಂಟ್ ಇಳಿಯುತ್ತದೆ. ಪೆಟ್ರೋಲೂ ಬಿಸಿಗೆ ಹಿಗ್ಗುವುದರಿಂದ ಎರಡು–ಎರಡೂವರೆ ಪರ್ಸೆಂಟ್ ತಾನಾಗಿಯೇ ಸರಿಹೋಗುತ್ತದೆ. ಉಳಿದದ್ದು ರಿಚ್ ಆಗಿಯೇ ಉಳಿಯುತ್ತದೆ. ಸಮುದ್ರ ಮಟ್ಟದಲ್ಲಿ ಸೆಟ್ ಮಾಡಿದ ಕಾರನ್ನು 1,000 ಮೀಟರ್ ಎತ್ತರದ ಟ್ರ್ಯಾಕಿಗೆ ಒಯ್ದರೆ ಇನ್ನೂ ಸುಮಾರು 10 ಪರ್ಸೆಂಟ್ ಸೇರುತ್ತದೆ. ಆ ಕಾಲದ ಮೆಕ್ಯಾನಿಕ್‌ಗಳು ಅಡ್ಜಸ್ಟರ್ ತಿರುಗಿಸಿ ಇದನ್ನು ಸರಿಮಾಡಿಕೊಳ್ಳುತ್ತಿದ್ದರು. ಬೆಳಗಿನ ಸೆಟ್ಟಿಂಗನ್ನು ಮಧ್ಯಾಹ್ನ ಬದಲಾಯಿಸುವುದು ಅವರಿಗೆ ದಿನದ ಕೆಲಸ.

ಪೆಟ್ರೋಲ್ ಕೂಡ ಬದಲಾಗಿದೆ. ಎಥನಾಲ್ ಇಲ್ಲದ ಪೆಟ್ರೋಲಿಗೆ ಬೇಕಾದ ಗಾಳಿ–ಇಂಧನ ಅನುಪಾತ 14.7. 10 ಪರ್ಸೆಂಟ್ ಎಥನಾಲ್ ಸೇರಿದರೆ 14.1ರ ಆಸುಪಾಸು. ಅಂದರೆ ಸುಮಾರು 4 ಪರ್ಸೆಂಟ್ ಜಾಸ್ತಿ ಇಂಧನ ಬೇಕು. ಹಳೆಯ ಸೆಟ್ಟಿಂಗ್‌ನಲ್ಲೇ ಹೊಸ ಪೆಟ್ರೋಲ್ ಹಾಕಿ ಪೂರ್ತಿ ಥ್ರಾಟಲ್‌ನಲ್ಲಿ ಓಡಿಸಿದರೆ ಅಷ್ಟು ಲೀನ್ ಆಗುತ್ತದೆ, ಅಂದರೆ ಗಾಳಿಗೆ ಪೆಟ್ರೋಲ್ ಕಡಿಮೆಯಾಗುತ್ತದೆ. ಪಿಸ್ಟನ್ ಸುಡುವುದು ಇಂಥ ಕಡೆ.

ಸವೆತ ಯಾವುದು, ಮಿತಿ ಯಾವುದು

ಇಲ್ಲಿಯ ತನಕ ಹೇಳಿದ್ದು ವಿನ್ಯಾಸದ ಮಿತಿ. ಆದರೆ ಒದ್ದೆ ಪ್ಲಗ್, ಆಯಿಲ್‌ನಲ್ಲಿ ಪೆಟ್ರೋಲ್ ವಾಸನೆ, ಸ್ಟಾರ್ಟ್ ತೊಂದರೆ ಈ ಮೂರೂ ಒಟ್ಟಿಗೆ ಇದ್ದರೆ ನನಗೆ ಮೊದಲು ಅನುಮಾನ ಬರುವುದು ಸೋರಿಕೆ ಮೇಲೆ.

ನೀವೇ ನೋಡಬಹುದು. ಇಗ್ನಿಷನ್ ಪೂರ್ತಿ ಕಳಚಿ. ಪಕ್ಕದಲ್ಲಿ ಅಗ್ನಿಶಾಮಕ ಇರಲಿ, ಜೊತೆಗೆ ಇನ್ನೊಬ್ಬರಿರಲಿ, ಎಂಜಿನ್ ತಣ್ಣಗಿರಲಿ, ಜಾಗ ಬಯಲಾಗಿರಲಿ. ನಾಲ್ಕೂ ಇಂಜೆಕ್ಟರ್‌ಗಳನ್ನು ಪೈಪ್ ಸಮೇತ ಹೊರತೆಗೆದು ನಾಲ್ಕು ಅಳತೆ ಕೊಳವೆಗಳಲ್ಲಿ ಇಳಿಬಿಡಿ. ಎಂಜಿನ್ ತಿರುಗಿಸದೆ ಎಲೆಕ್ಟ್ರಿಕ್ ಪಂಪ್ ಮಾತ್ರ ಒಂದು ನಿಮಿಷ ಚಾಲೂ ಮಾಡಿ. ಶಟಲ್ ನಿಂತಿದೆ, ಹಾಗಾಗಿ ಒಂದು ಹನಿಯೂ ಬರಬಾರದು. ಒಂದು ಇಂಜೆಕ್ಟರ್ ತುದಿಯಲ್ಲಿ ಹನಿ ಕಟ್ಟಿ, ಬಿದ್ದು, ಮತ್ತೆ ಕಟ್ಟುತ್ತಿದ್ದರೆ ರೋಟರ್ ಸುತ್ತಲೋ ಶಟಲ್ ಸುತ್ತಲೋ ಪೆಟ್ರೋಲ್ ನುಸುಳುತ್ತಿದೆ. ನೀವು ಸ್ಟಾರ್ಟರ್ ಒತ್ತುವ ಮೊದಲು ಪಂಪ್ ಚಾಲೂ ಮಾಡಿ ಕಾಯುವ ಪ್ರತಿ ಸೆಕೆಂಡೂ ಆ ಹನಿ ಒಂದು ಸಿಲಿಂಡರಿನೊಳಗೆ ಬೀಳುತ್ತಿರುತ್ತದೆ. ರಿಂಗ್ ದಾಟಿ ಆಯಿಲ್ ಸೇರುತ್ತದೆ. ಸಿಲಿಂಡರಿನಲ್ಲಿ ತುಂಬಾ ನಿಂತರೆ ಎಂಜಿನ್ ತಿರುಗುವಾಗ ಕನೆಕ್ಟಿಂಗ್ ರಾಡ್ ಬಾಗುವ ಅಪಾಯವೂ ಇದೆ. ಮುಂದೆ, ಪ್ಲಗ್‌ಗಳನ್ನು ತೆಗೆದು, ಸ್ಟಾರ್ಟರ್‌ನಲ್ಲಿ ಸ್ವಲ್ಪ ಹೊತ್ತು ಎಂಜಿನ್ ತಿರುಗಿಸಿ ನಾಲ್ಕೂ ಕೊಳವೆಗಳ ಮಟ್ಟ ಹೋಲಿಸಿ. ಕಣ್ಣಿಗೇ ಕಾಣುವಷ್ಟು ವ್ಯತ್ಯಾಸವಿದ್ದರೆ ಥ್ರಾಟಲ್, ಹವೆ, ಸೆಟ್ಟಿಂಗ್ ಎಂದು ತಲೆ ಕೆಡಿಸಿಕೊಳ್ಳುವುದು ಸುಮ್ನೆ ವ್ಯರ್ಥ. ಯೂನಿಟ್ ಬಿಚ್ಚಬೇಕು.

ಇನ್ನೊಂದು ವಿಷಯ ಬಹಳ ಮಂದಿ ಕೇಳುವುದೇ ಇಲ್ಲ. ಫ್ಯೂಯಲ್ ಕ್ಯಾಮ್ ಒಂದೊಂದು ಎಂಜಿನ್ನಿನ ಸ್ಥಿತಿಗೆ ತಕ್ಕಂತೆ ಅರೆದು ಮಾಡಿದ್ದು. ಐವತ್ತು ವರ್ಷದಲ್ಲಿ ನಿಮ್ಮ ಎಂಜಿನ್ ಎಷ್ಟು ಸಲ ಬಿಚ್ಚಿ ಕಟ್ಟಿದೆಯೋ! ಕ್ಯಾಮ್‌ಶಾಫ್ಟ್ ಬದಲಾಗಿರಬಹುದು, ಟ್ರಂಪೆಟ್ ಬದಲಾಗಿರಬಹುದು, ಫ್ಯೂಯಲ್ ಕ್ಯಾಮ್ ಬೇರೆ ಕಾರಿನದ್ದೇ ಆಗಿರಬಹುದು. ನಡುವಿನ ಥ್ರಾಟಲ್‌ನಲ್ಲಿ ಮಾತ್ರ ಕೆಮ್ಮುವ ಎಂಜಿನ್ನಿಗೆ ಸರಿಯಾದ ಕ್ಯಾಮ್ ಅರೆಸಿ ಹಾಕಿದರೆ ಅರ್ಧ ದೂರು ಹೋಗುವುದನ್ನು ನೋಡಿದ್ದೇನೆ.

ರೇಸಿಗೆ ಬಿಡುತ್ತಾರೆಯೇ?

ನಿಮ್ಮ ಎರಡನೆಯ ಸ್ನೇಹಿತರು ಹೇಳಿದ್ದರಲ್ಲಿ ತೂಕವಿದೆ. ಎಫ್‌ಐಎ (ಅಂತಾರಾಷ್ಟ್ರೀಯ ಮೋಟಾರ್ ಕ್ರೀಡಾ ಸಂಸ್ಥೆ) ನಿಯಮದ ಹಿಸ್ಟಾರಿಕ್ ರೇಸ್‌ಗಳು, ಅಂದರೆ ಹಳೆಯ ಕಾರುಗಳ ಸ್ಪರ್ಧೆಗಳು, ಅಪೆಂಡಿಕ್ಸ್ ಕೆ ಎನ್ನುವ ನಿಯಮಾವಳಿ ಪ್ರಕಾರ ನಡೆಯುತ್ತವೆ. ಕಾರಿಗೆ ಹಿಸ್ಟಾರಿಕ್ ಟೆಕ್ನಿಕಲ್ ಪಾಸ್‌ಪೋರ್ಟ್ (ಕಾರಿನ ತಾಂತ್ರಿಕ ವಿವರದ ದಾಖಲೆ) ಬೇಕು. ಆ ಮಾದರಿ ತನ್ನ ಕಾಲದಲ್ಲಿ ಹೇಗೆ ಓಡಿತ್ತೋ ಹಾಗೇ ಇರಬೇಕು. ಎಲೆಕ್ಟ್ರಾನಿಕ್ ಇಂಜೆಕ್ಷನ್ ಆಗ ಇರಲೇ ಇಲ್ಲ ಎಂದಲ್ಲ. ಬಾಶ್ ಡಿ-ಜೆಟ್ರಾನಿಕ್ 1967ರಲ್ಲೇ ಫೋಕ್ಸ್‌ವ್ಯಾಗನ್ ಕಾರಿನಲ್ಲಿ ಬಂದಿತ್ತು. ಆದರೆ ನಿಮ್ಮ ಮಾದರಿಯ ಕಾರು ಅದರಲ್ಲಿ ರೇಸ್ ಮಾಡಿರಲಿಲ್ಲ. ಹಾಗಾಗಿ ಪಾಸ್‌ಪೋರ್ಟ್ ಇದ್ದರೆ, ಅಥವಾ ಮುಂದೆ ಮಾಡಿಸುವ ಆಸೆಯಿದ್ದರೆ, ಇಸಿಯು ಹಾಕಿದ ಕಾರು ಅಲ್ಲಿಗೆ ನಡೆಯುವುದಿಲ್ಲ. ಟ್ರ್ಯಾಕ್ ಡೇ, ಪ್ರದರ್ಶನ ಓಟ, ಕ್ಲಬ್ ಮಟ್ಟದ ಕೆಲವು ಸ್ಪರ್ಧೆಗಳಲ್ಲಿ ನಿಯಮ ಸಡಿಲವಾಗಿರುತ್ತದೆ. ನೀವು ಓಡಿಸುವ ಸ್ಪರ್ಧೆಯವರಿಂದ ಬರಹದಲ್ಲಿ ಉತ್ತರ ತೆಗೆದುಕೊಳ್ಳಿ. ಬಾಯಿಮಾತಿನ "ಪರವಾಗಿಲ್ಲ" ತಪಾಸಣೆಯ ದಿನ ಕೆಲಸಕ್ಕೆ ಬರುವುದಿಲ್ಲ.

ಹಳೆಯ ಮೀಟರಿಂಗ್ ಯೂನಿಟ್‌ನ ಹೊಟ್ಟೆ ಖಾಲಿ ಮಾಡಿ ಒಳಗೆ ಸೆನ್ಸರ್ ಅಡಗಿಸುವುದು, ಇಸಿಯುವನ್ನು ಹಳೆಯ ಇಗ್ನಿಷನ್ ಡಬ್ಬಿಯಲ್ಲಿ ಬಚ್ಚಿಡುವುದು ಇಂಥ ಕೆಲಸವೂ ನಡೆಯುತ್ತದೆ. ನೋಟಕ್ಕಾಗಿ ಮಾಡಿದರೆ ನನ್ನ ತಕರಾರಿಲ್ಲ. ತಪಾಸಕರ ಕಣ್ಣಿಗೆ ಮಣ್ಣೆರಚಲು ಮಾಡಿಕೊಡಿ ಎಂದರೆ ನಾನು ಒಪ್ಪುವುದಿಲ್ಲ.

ಇಸಿಯು ದಾರಿ ಹಿಡಿದರೆ

ಎಲ್ಲರೂ ಕೇಳುವ ಮೊದಲ ಪ್ರಶ್ನೆ "ಯಾವ ಕಂಪನಿಯ ಇಸಿಯು?" ನನ್ನ ಪ್ರಕಾರ ಅದು ಕೊನೆಯ ಪ್ರಶ್ನೆ. ಇವತ್ತಿನ ಯಾವ ಒಳ್ಳೆಯ ಮೋಟಾರ್‌ಸ್ಪೋರ್ಟ್ ಇಸಿಯು ಆದರೂ ನಾಲ್ಕು ಸಿಲಿಂಡರಿಗೆ ಸಾಕಾಗಿ ಮಿಗುತ್ತದೆ. ಕೆಲಸ ಕೆಡುವುದು ಥ್ರಾಟಲ್, ಕ್ರ್ಯಾಂಕ್ ಸೆನ್ಸರ್, ವೈರಿಂಗ್ ಈ ಮೂರರಲ್ಲಿ.

ಥ್ರಾಟಲ್‌ನಿಂದ ಶುರು ಮಾಡೋಣ. ಪ್ರತಿ ಸಿಲಿಂಡರಿಗೂ ತೆರೆದ ಟ್ರಂಪೆಟ್ ಇರುವ, ದೊಡ್ಡ ಕ್ಯಾಮ್ ಇರುವ ಎಂಜಿನ್ನಿನಲ್ಲಿ ಮ್ಯಾನಿಫೋಲ್ಡ್ ಒತ್ತಡದ ಸಿಗ್ನಲ್ ಕುಣಿಯುತ್ತದೆ, ಅದನ್ನು ನಂಬಿ ಲೆಕ್ಕ ಹಾಕಲಾಗುವುದಿಲ್ಲ. ಹಾಗಾಗಿ ಇಸಿಯು ಥ್ರಾಟಲ್ ಸ್ಥಾನ ಮತ್ತು ಆರ್‌ಪಿಎಂ ನೋಡಿ ಪೆಟ್ರೋಲ್ ಕೊಡಬೇಕು. ಇದಕ್ಕೆ ಆಲ್ಫಾ-ಎನ್ ಎನ್ನುತ್ತಾರೆ. ಮೇಲಿಂದ ಗಾಳಿಯ ಬಿಸಿ ಮತ್ತು ವಾತಾವರಣದ ಒತ್ತಡಕ್ಕೆ ತಿದ್ದುಪಡಿ. ನಿಮ್ಮ ಮಧ್ಯಾಹ್ನದ ತೊಂದರೆ ಹೋಗುವುದು ಈ ತಿದ್ದುಪಡಿಯಿಂದ.

ಈಗ ಸ್ಲೈಡ್ ಥ್ರಾಟಲ್‌ನ ಕಥೆ ಕೇಳಿ. ಮೊದಲ ಕೆಲವು ಪರ್ಸೆಂಟ್ ತೆರೆದಾಗಲೇ ಗಾಳಿ ಧುಮ್ಮಿಕ್ಕುತ್ತದೆ. 5 ಪರ್ಸೆಂಟಿಗೂ 10 ಪರ್ಸೆಂಟಿಗೂ ಇರುವ ವ್ಯತ್ಯಾಸ ದೊಡ್ಡದು, 60ಕ್ಕೂ 100ಕ್ಕೂ ಇರುವುದು ಚಿಕ್ಕದು. ಅಲ್ಲಿ ಕೂದಲೆಳೆಯ ಸಡಿಲವಿದ್ದರೂ ಇಸಿಯು ತಪ್ಪು ಲೆಕ್ಕ ಹಾಕುತ್ತದೆ. ಸೆನ್ಸರನ್ನು ಪೆಡಲ್ ಹತ್ತಿರವೋ ಕೇಬಲ್ ತುದಿಯಲ್ಲೋ ಕೂರಿಸಬೇಡಿ, ಸ್ಲೈಡ್‌ಗೇ ನೇರವಾಗಿ ಜೋಡಿಸಿ. ಎಂಜಿನ್ ತಣ್ಣಗಿದ್ದಾಗ ಥ್ರಾಟಲ್ ಹತ್ತು ಸಲ ಒತ್ತಿ ಬಿಟ್ಟು ಪ್ರತಿ ಸಲವೂ ಸೆನ್ಸರ್ ಅದೇ ಸಂಖ್ಯೆಗೆ ವಾಪಸು ಬರುತ್ತದಾ ನೋಡಿ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಇನ್ನೊಮ್ಮೆ ನೋಡಿ. ಒಂದು ಪರ್ಸೆಂಟ್ ಆಚೀಚೆ ಹೋದರೂ ಐಡಲ್ ಕೆಡುತ್ತದೆ. ಸ್ಲೈಡ್ ರೋಲರ್‌ಗಳಲ್ಲಿ ಮರಳು ಸೇರಿದ್ದರೆ, ಪ್ಲೇಟ್ ಸವೆದಿದ್ದರೆ ಅದನ್ನು ಮೊದಲು ಸರಿಮಾಡಿಸಿ. ಮ್ಯಾಪ್ (ಎಲ್ಲಿ ಎಷ್ಟು ಪೆಟ್ರೋಲ್ ಎನ್ನುವ ಇಸಿಯು ಪಟ್ಟಿ) ಮಾಡುವಾಗ ಥ್ರಾಟಲ್ ಅಂಕಣಗಳನ್ನು ಸಮನಾಗಿ ಹಂಚಬೇಡಿ. ಕೆಳಗೆ ಒತ್ತೊತ್ತಾಗಿ 0, 2, 4, 6, 8, 12, ಮೇಲೆ 30, 60, 100 ಹೀಗೆ ಇಟ್ಟರೆ ಸಾಕು.

ಮುಂದಿನದು ಕ್ರ್ಯಾಂಕ್ ಸೆನ್ಸರ್. ಎಂಜಿನ್ನಿನ ವೇಗ, ಸ್ಥಾನ ತಿಳಿಯಲು ಇಸಿಯು ಎಣಿಸುವ ಹಲ್ಲಿನ ಚಕ್ರ ಕ್ರ್ಯಾಂಕ್‌ಗೇ (ಎಂಜಿನ್ನಿನ ಮುಖ್ಯ ದಂಡಕ್ಕೇ) ಕೂರಬೇಕು. ಕಾಸ್ವರ್ತ್ ಬಿಡಿ (BD) ಸರಣಿಯ ಎಂಜಿನ್ನಿನಲ್ಲಿ ಕ್ಯಾಮ್‌ಗಳನ್ನು ತಿರುಗಿಸುವುದು ಹಲ್ಲಿನ ಬೆಲ್ಟ್. ಚಕ್ರ ಕ್ಯಾಮ್ ಕಡೆ ಕೂತರೆ ಬೆಲ್ಟ್‌ನ ಎಳೆತ–ಸಡಿಲದಲ್ಲಿ ಇಗ್ನಿಷನ್ ಟೈಮಿಂಗ್ ಅಲುಗಾಡುತ್ತದೆ. 36 ಹಲ್ಲಿನಲ್ಲಿ ಒಂದನ್ನು ಬಿಟ್ಟ ಚಕ್ರ ಸಾಕು. ಒಂದು ಕಾರು 6,500 ಆರ್‌ಪಿಎಂಗೆ ಬಂದ ಕೂಡಲೇ ಗಕ್ಕನೆ ನಿಂತಂತೆ ಆಗುತ್ತಿತ್ತು. ಅದರ ಮಾಲೀಕರು ಆಗಲೇ ಇಸಿಯು ಬದಲಾಯಿಸಿ, ಕಾಯಿಲ್ ಬದಲಾಯಿಸಿ, ಪಂಪ್ ಬದಲಾಯಿಸಿ ಸುಸ್ತಾಗಿದ್ದರು. ಮ್ಯಾಗ್ನೆಟಿಕ್ ಸೆನ್ಸರ್‌ನ ಎರಡು ವೈರ್ ಅದಲುಬದಲಾಗಿತ್ತು, ಅಷ್ಟೇ. ಕೆಳಗಿನ ವೇಗದಲ್ಲಿ ಇಸಿಯು ಹೇಗೋ ಸುಧಾರಿಸಿಕೊಳ್ಳುತ್ತದೆ. ವೇಗ ಏರಿದಂತೆ ಬಿಟ್ಟ ಹಲ್ಲು ಎಲ್ಲಿದೆ ಎನ್ನುವುದು ತಪ್ಪಿಹೋಗುತ್ತದೆ. ಆಸಿಲೋಸ್ಕೋಪ್ (ಸಿಗ್ನಲ್‌ನ ಆಕಾರ ತೋರಿಸುವ ಉಪಕರಣ) ಹಚ್ಚಿ ನೋಡಿದರೆ ಹತ್ತು ನಿಮಿಷದ ಕೆಲಸ. ಅದಿಲ್ಲದೆ ಈ ಕೆಲಸಕ್ಕೆ ಇಳಿಯುವವರಿಗೆ ಕಾರು ಕೊಡಬೇಡಿ.

ಕ್ಯಾಮ್ ಸೆನ್ಸರ್ ಬೇಕೇ ಬೇಕು ಎಂದೇನಿಲ್ಲ. 9,000 ಆರ್‌ಪಿಎಂನಲ್ಲಿ ನಾಲ್ಕು ಸ್ಟ್ರೋಕ್‌ಗಳ ಒಂದು ಸುತ್ತಿಗೆ 13.3 ಮಿಲಿಸೆಕೆಂಡ್. ಪೂರ್ತಿ ಥ್ರಾಟಲ್‌ನಲ್ಲಿ ಇಂಜೆಕ್ಟರ್ ಅದರಲ್ಲಿ ಹನ್ನೊಂದರಷ್ಟು ಹೊತ್ತು ತೆರೆದೇ ಇರುತ್ತದೆ. ಅಲ್ಲಿ "ಸರಿಯಾದ ಹೊತ್ತಿಗೆ ಚಿಮ್ಮಿಸುವುದು" ಎನ್ನುವ ಮಾತಿಗೆ ಅರ್ಥವಿಲ್ಲ. ಐಡಲ್‌ನಲ್ಲಿ, ಕೆಳಗಿನ ವೇಗದಲ್ಲಿ ಸ್ವಲ್ಪ ಉಪಯೋಗ ಇದೆ. ಬೇಕಾದರೆ ಮೀಟರಿಂಗ್ ಯೂನಿಟ್ ತೆಗೆದ ಜಾಗದ ಡ್ರೈವ್ ಹೇಗೂ ಅರ್ಧ ವೇಗದಲ್ಲಿ ತಿರುಗುತ್ತದೆ, ಸೆನ್ಸರನ್ನು ಅಲ್ಲೇ ಕೂರಿಸಬಹುದು.

ಇಂಜೆಕ್ಟರ್ ಅಳತೆಗೆ ಸುಲಭ ಲೆಕ್ಕ ಹೇಳುತ್ತೇನೆ. ನಿಮ್ಮ ಎಂಜಿನ್ ಸುಮಾರು 275 ಎಚ್‌ಪಿ ಎಂದಿಟ್ಟುಕೊಳ್ಳಿ. ಒಂದು ಎಚ್‌ಪಿಗೆ ಗಂಟೆಗೆ ಅರ್ಧ ಪೌಂಡ್ ಪೆಟ್ರೋಲ್. ನಾಲ್ಕು ಸಿಲಿಂಡರಿಗೆ ಹಂಚಿದರೆ ಒಂದಕ್ಕೆ 34 ಪೌಂಡ್ ಚಿಲ್ಲರೆ. ಇಂಜೆಕ್ಟರ್ 85 ಪರ್ಸೆಂಟ್‌ಗಿಂತ ಜಾಸ್ತಿ ಹೊತ್ತು ತೆರೆದಿರಬಾರದು, ಹಾಗಾಗಿ 40 ಪೌಂಡ್. ಅಂದರೆ 3 ಬಾರ್‌ನಲ್ಲಿ ನಿಮಿಷಕ್ಕೆ ಸುಮಾರು 425 ಸಿಸಿ. "ಇರಲಿ" ಎಂದು 800 ಸಿಸಿ ಹಾಕಿಸಬೇಡಿ. ಐಡಲ್‌ನಲ್ಲಿ ಅಷ್ಟು ದೊಡ್ಡ ಇಂಜೆಕ್ಟರನ್ನು ಹಿಡಿತದಲ್ಲಿಡುವುದು ಕಷ್ಟ, ಒದ್ದೆ ಪ್ಲಗ್ ಮತ್ತೆ ಬರುತ್ತದೆ. ಮೂಲ ಮ್ಯಾನಿಫೋಲ್ಡ್‌ಗೆ ತೂತು ಕೊರೆಯಲೂ ಬೇಡಿ. ಬೇರೆ ಮ್ಯಾನಿಫೋಲ್ಡ್ ಮಾಡಿಸಿ, ಇಲ್ಲವೇ ನಡುವೆ ಒಂದು ಸ್ಪೇಸರ್ ಪ್ಲೇಟ್ ಹಾಕಿ ಇಂಜೆಕ್ಟರನ್ನು ಅದರಲ್ಲಿ ಕೂರಿಸಿ. ಮುಂದೆ ಯಾರಾದರೂ ಹಿಂದಿನ ಸ್ಥಿತಿಗೆ ತರಬೇಕೆಂದರೆ ಬೋಲ್ಟ್ ಬಿಚ್ಚಿದರೆ ಸಾಕಾಗಬೇಕು.

ವೈರಿಂಗ್ ಬಗ್ಗೆ ಒಂದೇ ಮಾತು ಹೇಳಿ ಮುಂದೆ ಹೋಗುತ್ತಿದ್ದೆ, ಆದರೆ ಹಳೆಯ ಕಾರಿನಲ್ಲಿ ಇಗ್ನಿಷನ್ ಗದ್ದಲ ದೊಡ್ಡ ತಲೆನೋವು. ಹಳೆಯ ತಾಮ್ರದ ಪ್ಲಗ್ ಲೀಡ್, ರೆಸಿಸ್ಟರ್ ಇಲ್ಲದ ಪ್ಲಗ್ ಇದ್ದರೆ ಪ್ರತಿ ಕಿಡಿಗೂ ಸುತ್ತಲ ವೈರ್‌ಗಳಲ್ಲಿ ಸುಳ್ಳು ಸಿಗ್ನಲ್ ಹುಟ್ಟುತ್ತದೆ. ಇಸಿಯು ಅದನ್ನು ಹಲ್ಲು ಎಂದು ಎಣಿಸಿಬಿಡುತ್ತದೆ. ರೆಸಿಸ್ಟರ್ ಇರುವ ಲೀಡ್ ಮತ್ತು ಪ್ಲಗ್ ಹಾಕಿ. ಕ್ರ್ಯಾಂಕ್ ಸೆನ್ಸರ್ ವೈರ್ ಶೀಲ್ಡ್ ಇರುವುದಾಗಿರಲಿ, ಶೀಲ್ಡ್ ಒಂದೇ ತುದಿಯಲ್ಲಿ ಅರ್ತ್ ಆಗಲಿ.

ಬ್ಯಾಟರಿ ವಿಷಯ ಕಾರಿನ ಮಾಲೀಕರು ಮರೆಯುವಂಥದ್ದು. ಇಂಥ ಕಾರುಗಳಲ್ಲಿ ಆಲ್ಟರ್ನೇಟರ್ ಇರುವುದು ಅಪರೂಪ. ಪಂಪ್, ನಾಲ್ಕು ಇಂಜೆಕ್ಟರ್, ಕಾಯಿಲ್, ಇಸಿಯು ಸೇರಿ 15 ಆಂಪಿಯರ್ ಎಳೆದರೆ ಅರ್ಧ ಗಂಟೆಯ ರೇಸಿಗೆ ಏಳೂವರೆ ಆಂಪಿಯರ್-ಅವರ್ ಹೋಯಿತು. ಸ್ಟಾರ್ಟ್ ಮಾಡಿದ್ದು, ಸಾಲಿನಲ್ಲಿ ಕಾದದ್ದು ಬೇರೆ. ವೋಲ್ಟೇಜ್ ಇಳಿದಂತೆ ಇಂಜೆಕ್ಟರ್ ತೆರೆಯುವುದು ತಡವಾಗುತ್ತದೆ. ಆ ತಿದ್ದುಪಡಿಯ ಪಟ್ಟಿ ನಿಮ್ಮ ಇಂಜೆಕ್ಟರಿಗೆ ಸರಿಹೊಂದದಿದ್ದರೆ ಕೊನೆಯ ಸುತ್ತುಗಳಲ್ಲಿ ಎಂಜಿನ್ ಸದ್ದಿಲ್ಲದೆ ಲೀನ್ ಆಗುತ್ತದೆ.

ಟ್ಯಾಂಕಿನ ಒಳಗೂ ಇಣುಕಿ. ಸುರಕ್ಷಾ ಟ್ಯಾಂಕಿನೊಳಗಿನ ಫೋಮ್ ಹಳತಾದರೆ, ಅದರಲ್ಲೂ ಎಥನಾಲ್ ಸೇರಿದ ಪೆಟ್ರೋಲಿನಲ್ಲಿ, ಪುಡಿಯಾಗುತ್ತದೆ. ಆ ಪುಡಿ ಎಲೆಕ್ಟ್ರಾನಿಕ್ ಇಂಜೆಕ್ಟರಿನ ಸಣ್ಣ ತೂತಿಗೆ ವಿಷ. 10 ಮೈಕ್ರಾನ್ ಫಿಲ್ಟರ್, ಹೊಸ ಹೋಸ್, ತಿರುವಿನಲ್ಲಿ ಗಾಳಿ ಸೇರದಂತೆ ಸ್ವರ್ಲ್ ಪಾಟ್ (ಚಿಕ್ಕ ನಡು ಟ್ಯಾಂಕ್), ಟ್ಯಾಂಕಿಗೆ ರಿಟರ್ನ್ ಲೈನ್ ಇವು ಖರ್ಚಿನ ಪಟ್ಟಿಯಲ್ಲಿ ಇರಲಿ. ಎಂಜಿನ್ ನಿಂತ ಕೂಡಲೇ ಇಸಿಯು ಪಂಪನ್ನೂ ನಿಲ್ಲಿಸುವಂತೆ ಸೆಟ್ ಮಾಡಿಸಿ. ಅಪಘಾತದಲ್ಲಿ ಪೆಟ್ರೋಲ್ ಚಿಮ್ಮುತ್ತಲೇ ಇರುವುದು ತಪ್ಪುತ್ತದೆ. ಮೆಕ್ಯಾನಿಕಲ್ ವ್ಯವಸ್ಥೆಗಿಂತ ಇದು ನಿಜಕ್ಕೂ ಮೇಲು.

"ಎಕ್ಸಾಸ್ಟಿನಲ್ಲಿ ಲ್ಯಾಂಬ್ಡಾ (ಆಮ್ಲಜನಕ) ಸೆನ್ಸರ್ ಹಾಕಿದರೆ ಇಸಿಯು ತಾನೇ ಟ್ಯೂನ್ ಮಾಡಿಕೊಳ್ಳುತ್ತದೆ" ಎನ್ನುವುದನ್ನು ಪೂರ್ತಿ ನಂಬಬೇಡಿ. ರೇಸ್ ಕ್ಯಾಮ್ ಎಂಜಿನ್ ಕೆಳಗಿನ ವೇಗದಲ್ಲಿ ಸುಡದ ಗಾಳಿಯನ್ನು ನೇರ ಎಕ್ಸಾಸ್ಟಿಗೆ ಬಿಡುತ್ತದೆ. ಮಿಸ್‌ಫೈರ್ ಆದರೂ ಹಾಗೇ. ಸೆನ್ಸರ್ ಅಳೆಯುವುದು ಆಮ್ಲಜನಕ. ಹಾಗಾಗಿ ವಿಪರೀತ ರಿಚ್ ಆಗಿ ಮಿಸ್ ಹೊಡೆಯುತ್ತಿರುವ ಎಂಜಿನ್ನನ್ನೂ ಅದು ಲೀನ್ ಎನ್ನುತ್ತದೆ. ಇಸಿಯು ಇನ್ನಷ್ಟು ಪೆಟ್ರೋಲ್ ಸುರಿಯುತ್ತದೆ. ಡೈನೋ (ಎಂಜಿನ್ ಶಕ್ತಿ ಅಳೆಯುವ ಯಂತ್ರ) ಮೇಲೆ, ಪ್ಲಗ್ ಬಣ್ಣ ನೋಡುತ್ತಾ, ಕಿವಿಗೊಡುತ್ತಾ ಮ್ಯಾಪ್ ಮಾಡುವವರು ಬೇಕು. ಪೂರ್ತಿ ಥ್ರಾಟಲ್‌ನಲ್ಲಿ ಲ್ಯಾಂಬ್ಡಾ (1ಕ್ಕಿಂತ ಕಡಿಮೆ ಎಂದರೆ ರಿಚ್) 0.86ರಿಂದ 0.90ರ ನಡುವೆ ಶುರು ಮಾಡಿ. ಸೀಸ ಇರುವ ರೇಸ್ ಪೆಟ್ರೋಲ್ ಬಳಸಿದರೆ ಸೆನ್ಸರ್ ಬೇಗ ಸಾಯುತ್ತದೆ, ಅದೂ ಗೊತ್ತಿರಲಿ.

ಕೆಡುವ ರೀತಿಯೂ ಬೇರೆ. ಲೂಕಾಸ್ ಕೆಡುವಾಗ ಮುನ್ಸೂಚನೆ ಕೊಡುತ್ತದೆ, ಕುಂಟುತ್ತಾ ಆದರೂ ಪಿಟ್ ತಲುಪಿಸುತ್ತದೆ. ಇಸಿಯು ಕಾರು ಕೊನೆಯ ಕ್ಷಣದ ತನಕ ಸರಿಯಾಗಿದ್ದು ಕ್ರ್ಯಾಂಕ್ ಸೆನ್ಸರ್ ಸತ್ತ ಕೂಡಲೇ ನಿಲ್ಲುತ್ತದೆ. ಒಂದು ಸ್ಪೇರ್ ಸೆನ್ಸರ್ ಸದಾ ಜೊತೆಗಿರಲಿ.

ನಾನಾಗಿದ್ದರೆ

ಮೊದಲು ಆ ಹನಿ ಪರೀಕ್ಷೆ. ಸೋರುತ್ತಿದ್ದರೆ ಮೀಟರಿಂಗ್ ಯೂನಿಟ್ ಮತ್ತು ಇಂಜೆಕ್ಟರ್‌ಗಳನ್ನು ಟೆಸ್ಟ್ ಬೆಂಚ್ ಇರುವ ಪರಿಣತರಿಗೆ ಕೊಟ್ಟು ಸರಿಮಾಡಿಸುತ್ತೇನೆ. ಆಯಿಲ್ ಬದಲಾಯಿಸುತ್ತೇನೆ, ಪೆಟ್ರೋಲ್ ಬೆರೆತ ಆಯಿಲ್‌ನಲ್ಲಿ 9,000 ಆರ್‌ಪಿಎಂ ಓಡಿಸಿದರೆ ಬೇರಿಂಗ್ ಉಳಿಯುವುದಿಲ್ಲ. ಆಮೇಲೆ ವೈಡ್‌ಬ್ಯಾಂಡ್ ಲ್ಯಾಂಬ್ಡಾ ಮತ್ತು ಥ್ರಾಟಲ್ ಸೆನ್ಸರ್ ಹಾಕಿ, ಬರೀ ದಾಖಲಿಸಲು ಮಾತ್ರ, ಅದೇ ಮೆಕ್ಯಾನಿಕಲ್ ಇಂಜೆಕ್ಷನ್‌ನಲ್ಲಿ ಟ್ರ್ಯಾಕ್ ಮೇಲೆ ಓಡಿಸುತ್ತೇನೆ. ಎಲ್ಲಿ ರಿಚ್, ಎಲ್ಲಿ ಲೀನ್ ಎನ್ನುವುದು ಆಗ ಊಹೆಯಾಗಿ ಉಳಿಯುವುದಿಲ್ಲ. ಫ್ಯೂಯಲ್ ಕ್ಯಾಮ್ ಅರೆಸಬೇಕಾ ಬೇಡವಾ ಎನ್ನುವುದೂ ಅದರಲ್ಲೇ ಗೊತ್ತಾಗುತ್ತದೆ. ಹಿಸ್ಟಾರಿಕ್ ರೇಸ್ ಮಾಡುವ ಆಸೆಯಿದ್ದರೆ ನಾನು ಇಲ್ಲಿಗೇ ನಿಲ್ಲುತ್ತೇನೆ. ಬೆಳಿಗ್ಗೆ–ಮಧ್ಯಾಹ್ನ ಅಡ್ಜಸ್ಟರ್ ತಿರುಗಿಸುವುದನ್ನು ಕಲಿತುಕೊಳ್ಳುತ್ತೇನೆ.

ರೇಸ್ ಆಸೆಯಿಲ್ಲ, ಟ್ರ್ಯಾಕ್ ಡೇಯಲ್ಲಿ ನೆಮ್ಮದಿಯಾಗಿ ಓಡಿಸಬೇಕು, ಸ್ಟಾರ್ಟ್ ಬಟನ್ ಒತ್ತಿದರೆ ಹೊರಡಬೇಕು ಎನ್ನುವುದಾದರೆ ಇಸಿಯು ಒಳ್ಳೆಯ ದಾರಿ. ಆಗಲೂ ಮೇಲಿನ ದಾಖಲೆ ವ್ಯರ್ಥವಲ್ಲ. ಮ್ಯಾಪ್ ಮಾಡುವವರಿಗೆ ಅದೇ ಆರಂಭದ ಬಿಂದು. ಖರ್ಚಿನಲ್ಲಿ ಮಾತ್ರ ಮೋಸ ಹೋಗಬೇಡಿ. ಇಸಿಯು ಡಬ್ಬಿಯ ಬೆಲೆ ಒಟ್ಟು ಖರ್ಚಿನ ಒಂದು ಪಾಲು ಅಷ್ಟೇ. ವೈರಿಂಗ್, ಮೆಷಿನಿಂಗ್, ಇಂಧನ ವ್ಯವಸ್ಥೆ, ಡೈನೋ ದಿನಗಳು ಸೇರಿದರೆ ಮೊತ್ತ ಅದರ ಎಷ್ಟೋ ಪಟ್ಟು ಆಗುತ್ತದೆ.

ಹಳೆಯ ಯೂನಿಟ್ ಮಾರುವ ವಿಷಯ. ಯಾವ ದಾರಿ ಹಿಡಿದರೂ ಮಾರಬೇಡಿ. ಒಳ್ಳೆಯ ಸ್ಥಿತಿಯ ಯೂನಿಟ್ ಮತ್ತೆ ಸಿಗುವುದು ಕಷ್ಟ, ಕಾರು ಕೊಳ್ಳುವವರು ಮೊದಲು ಕೇಳುವುದೂ ಅದನ್ನೇ. ತೆಗೆದ ದಿನವೇ ಪೆಟ್ರೋಲ್ ಪೂರ್ತಿ ಬಸಿದು, ತುಕ್ಕು ತಡೆಯುವ ತೆಳುವಾದ ಎಣ್ಣೆ ತುಂಬಿಸಿ, ಎಲ್ಲ ಬಾಯಿಗಳಿಗೂ ಕ್ಯಾಪ್ ಹಾಕಿ. ಆಗಾಗ ಕೈಯಲ್ಲೇ ಒಂದೆರಡು ಸುತ್ತು ತಿರುಗಿಸಿ, ರೋಟರ್ ಹಿಡಿದುಕೊಳ್ಳುವುದಿಲ್ಲ. ಫ್ಯೂಯಲ್ ಕ್ಯಾಮ್ ಮೇಲಿನ ಗುರುತು, ಅಡ್ಜಸ್ಟರ್ ನಿಂತಿದ್ದ ಜಾಗ, ಲಿಂಕೇಜ್ ಉದ್ದ ಇವನ್ನು ಬಿಚ್ಚುವ ಮೊದಲೇ ಅಳೆದು, ಫೋಟೋ ತೆಗೆದು, ಯೂನಿಟ್ ಜೊತೆಗೇ ಇಡಿ. ಸ್ಲೈಡ್, ಟ್ರಂಪೆಟ್, ಪೈಪ್‌ಗಳೂ ಅದೇ ಪೆಟ್ಟಿಗೆಯಲ್ಲಿರಲಿ.